ರಟ್ಟೆ ಬೆಳೆಸೋ ಆತುರ

ಅಕ್ಕ-ತಂಗೀರೇ, ಹೋದ ತಿಂಗಳು ನನ್ನ ಚಿಕ್ಕ ಮಗ ಮೊಣಕೈ ಹಿಡ್ಕೊಂಡು ಕೂತಿದ್ದ. ಪೊಲೀಸ್ ಕೆಲಸಕ್ಕೆ ಗುಂಡು ಎಸೀಬೇಕು ಅಂತ ದಿನಾ ಬಂಗಾರಪೇಟೆಗೆ ಹೋಗಿ ಡಂಬೆಲ್ ಎತ್ತಿದ್ದೇ ಎತ್ತಿದ್ದು. ರಟ್ಟೆ ದಪ್ಪ ಆಯ್ತು, ನೀರಿನ ಬಕೆಟ್ ಎತ್ತೋಕಾಗ್ಲಿಲ್ಲ. "ನರ ಎಳ್ದೈತಮ್ಮ" ಅಂದ.

ರಟ್ಟೆ ಹುಚ್ಚು ಇವತ್ತಿನದಲ್ಲ. ನಮ್ಮ ಗರಡಿಮನೆಗಳಲ್ಲಿ ದಂಡ, ಬಸ್ಕಿ ಹೊಡೆದು, ಮಟ್ಟಿ ಅಗೆದು, ಗದೆ ತಿರುಗಿಸಿ ಮೈ ಬೆಳೆಸ್ತಿದ್ರು. 1904-05ರಲ್ಲಿ ಸ್ಯಾಂಡೋ ಅನ್ನೋ ಪರದೇಶದ ಜಟ್ಟಿ ಇಂಡಿಯಾಕ್ಕೆ ಬಂದು ಪ್ರದರ್ಶನ ಕೊಟ್ಟ. ಅಲ್ಲಿಂದ ಡಂಬೆಲ್ಲಿನ ಮೋಹ ಇನ್ನೂ ಜಾಸ್ತಿ ಆಯ್ತು.

ಆ ಎರಡು ದಾರಿಗಳನ್ನೂ ಕೂಡಿಸಿದವರು ನಮ್ಮ ಕೋಲಾರ ಸೀಮೆಯವರೇ. 'ಶಾಂತಲಾ' ಕಾದಂಬರಿ ಬರೆದ ಕೆ.ವಿ. ಅಯ್ಯರ್. 1897ರಲ್ಲಿ ಹುಟ್ಟಿದವರು, ಊರು ಮುಳಬಾಗಿಲು ಕಡೆ ದೇವರಾಯಸಮುದ್ರ. ಬೆಂಗಳೂರಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿದ್ರು. 1930ರಲ್ಲಿ 'ಮಸಲ್ ಕಲ್ಟ್' ಅಂತ ಇಂಗ್ಲಿಷ್ ಪುಸ್ತಕ ಬರೆದ್ರು. ದೂರದ ಊರಿನವರಿಗೆ ಅಂಚೆಯಲ್ಲೇ ವ್ಯಾಯಾಮದ ಪಾಠ ಕಳಿಸ್ತಿದ್ರು. ಭಾರ ಎತ್ತೋದರ ಜೊತೆಗೆ ಸೂರ್ಯನಮಸ್ಕಾರ, ಆಸನಗಳನ್ನೂ ಸೇರಿಸಿದ್ರು. ಬರೀ ತೋಳಲ್ಲ, ಇಡೀ ಮೈ ಬೆಳೀಬೇಕು ಅನ್ನೋ ದಾರಿ ಅದು.

ನನ್ನ ಮಗ ತಪ್ಪಿದ್ದು ಇಲ್ಲೇ. ನಾವು ನರ ಅನ್ನೋದನ್ನ ಡಾಕ್ಟ್ರು ಟೆಂಡನ್ ಅಂತಾರೆ. ಮಾಂಸಖಂಡವನ್ನ ಮೂಳೆಗೆ ಕಟ್ಟೋ ಹಗ್ಗ ಅದು. ಅದಕ್ಕೆ ರಕ್ತ ಹರಿಯೋದು ಕಮ್ಮಿ. ಮಾಂಸ ವಾರಗಳಲ್ಲಿ ಬಲಿತರೆ ಇದಕ್ಕೆ ತಿಂಗಳುಗಳು ಬೇಕು. ಮಾಂಸ ಮುಂದೆ ಓಡ್ತದೆ, ಹಗ್ಗ ಹಿಂದೆ ಉಳೀತದೆ. ಅದೂ ಅಲ್ಲದೆ ರಟ್ಟೆಯ ದಪ್ಪದಲ್ಲಿ ಹೆಚ್ಚು ಪಾಲು ಹಿಂಭಾಗದ್ದು. ಅದನ್ನ ಬಿಟ್ಟು ಇವನು ಮುಂಭಾಗಕ್ಕೇ ದಿನಾ ಭಾರ ಹಾಕ್ತಿದ್ದ. ಗರಡಿಯ ದಂಡ ಆ ಹಿಂಭಾಗವನ್ನೇ ಬೆಳೆಸ್ತದೆ.

ಡಾಕ್ಟ್ರು ಹೇಳಿದ್ದು ಇಷ್ಟು: ನೋವಾಗೋ ಭಾರ ಇಳಿಸು, ಪೂರ್ತಿ ಬಿಡಬೇಡ. ಹಗುರಾದ್ದನ್ನ ನಿಧಾನವಾಗಿ ಎತ್ತು, ಅದಕ್ಕಿಂತ ನಿಧಾನವಾಗಿ ಇಳಿಸು. ದಿನ ಬಿಟ್ಟು ದಿನ ಮಾಡು. ಮಾರನೇ ದಿನ ಬೆಳಿಗ್ಗೆ ನೋವು ಜಾಸ್ತಿಯಾದ್ರೆ ಹಿಂದಿನ ದಿನ ಅತಿಯಾಯ್ತು ಅಂತ ತಿಳ್ಕೋ.

ಮುದ್ದೆ ತಿರುವಿ, ಬಟ್ಟೆ ಹಿಂಡಿ ಮೊಣಕೈಯ ಹೊರಗಡೆ ನೋಯೋದಿಲ್ವಾ ನಮಗೆ? ಅದೂ ಎಷ್ಟೋ ಸಲ ಇದೇ ಹಗ್ಗದ ನೋವು. ನಾವು ಎಣ್ಣೆ ತಿಕ್ಕಿ ಮತ್ತೆ ಹಿಂಡೋಕೆ ಕೂತ್ಕೋತೀವಿ. ನಮಗೂ ಬಿಡುವು ಬೇಕು.

ಈಗ ಮಗ ಬಕೆಟ್ ಎತ್ತಾವ್ನೆ. ಗುಂಡು ಇನ್ನೂ ಮುಟ್ಟಿಲ್ಲ.