ರಸ್ತೆಗೆ ಮೊದಲು ನಡೆದವರು

ಮಗಳ ಬಾಣಂತನಕ್ಕೆಂದು ಗಳಿಕೆ ರಜೆ ಹಾಕಿ ಅಮೆರಿಕದ ಅರಿಜೋನಾ ರಾಜ್ಯಕ್ಕೆ ಹೊರಟಾಗ ನನ್ನ ಪೆಟ್ಟಿಗೆಯ ತುಂಬ ಮೆಂತ್ಯ, ಓಮ, ಮೆಣಸಿನಪುಡಿ. ತಿರುಗಿ ಬರುವಾಗ ಜೊತೆಗೆ ಬಂದದ್ದು ಒಂದು ರಸ್ತೆಯ ಕಥೆ.

ಮಗಳ ಮನೆ ಇರುವುದು ಫೀನಿಕ್ಸ್ ನಗರಕ್ಕೆ ಅಂಟಿಕೊಂಡ ಚಾಂಡ್ಲರ್‌ನಲ್ಲಿ. ಸುತ್ತಲೂ ಮರುಭೂಮಿ, ಎಲ್ಲಿ ನೋಡಿದರೂ ಕಳ್ಳಿಗಿಡ. ಕೂಸಿಗೆ ಮೂರು ತಿಂಗಳಾದ ಮೇಲೆ ಅಳಿಯ ನಮ್ಮನ್ನು ಕಾರಿನಲ್ಲಿ ಹೊರಗೆ ಕರೆದುಕೊಂಡು ಹೋದ. "ನೋಡಿ ಅತ್ತೆ, 2019ರ ಡಿಸೆಂಬರಿನಲ್ಲಿ ತೆರೆದ ರಸ್ತೆ ಇದು. ಇಪ್ಪತ್ತೆರಡು ಮೈಲಿ. ಈಗ ಊರೊಳಗೆ ನುಗ್ಗದೆ ಪಡುವಣಕ್ಕೆ ಹೋಗಬಹುದು" ಎಂದ. ನಾನು ನೋಡುತ್ತಿದ್ದುದು ರಸ್ತೆಯನ್ನಲ್ಲ. ಹಲಸಿನ ಹಣ್ಣು ಸೀಳಿದ ಹಾಗೆ ಎರಡೂ ಬದಿಗೆ ಸೀಳಿ ನಿಂತಿದ್ದ ಬೆಟ್ಟವನ್ನು.

ಆ ಬೆಟ್ಟದ ಹೆಸರು ಸೌತ್ ಮೌಂಟನ್. ಪಕ್ಕದಲ್ಲೇ ವಾಸವಾಗಿರುವ ಅಕಿಮೆಲ್ ಓಓದಮ್, ಅಂದರೆ 'ಹೊಳೆಯ ಜನ', ಅದನ್ನು ಪವಿತ್ರವೆಂದು ನಂಬುತ್ತಾರೆ. ಅವರು ಹುಹುಗಮ್ ಎಂದು ಕರೆಯುವ, ನಮ್ಮ ಪುಸ್ತಕಗಳಲ್ಲಿ ಹೊಹೊಕಮ್ ಆಗಿರುವ ಜನ ಇವರ ಪೂರ್ವಿಕರು. ಸುಮಾರು 1450ರವರೆಗೆ ಇದೇ ಕಣಿವೆಯಲ್ಲಿ ಬಾಳಿದವರು. ಕಬ್ಬಿಣವಿಲ್ಲ, ಎತ್ತುಗಳಿಲ್ಲ, ಕೋಲು, ಬುಟ್ಟಿಗಳಿಂದಲೇ ನೂರಾರು ಮೈಲಿ ಕಾಲುವೆ ತೋಡಿ ಮೆಕ್ಕೆಜೋಳ, ಹತ್ತಿ, ಅವರೆಯ ಜಾತಿಯ ಕಾಳು, ಕುಂಬಳ ಬೆಳೆದರು. 1867ರಲ್ಲಿ ಬಂದ ಬಿಳಿಯರು ಆ ಹಳೆಯ ಕಾಲುವೆಗಳ ಜಾಡಿನಲ್ಲೇ ನೀರು ಹರಿಸಿದರು. ಬೂದಿಯಿಂದೆದ್ದ ಹಕ್ಕಿಯ ಹೆಸರು ಊರಿಗೆ ಬಂದದ್ದು ಹಾಗೆ.

ಊರೇ ಊರಿನ ಮೇಲೆ ಕೂತಿರುವಾಗ ಎಲ್ಲಿ ಗುದ್ದಲಿ ಹಾಕಿದರೂ ಇತಿಹಾಸವೇ. 1966ರಲ್ಲಿ ಆ ದೇಶ ಒಂದು ಕಾನೂನು ಮಾಡಿತು: ಕೇಂದ್ರ ಸರ್ಕಾರದ ಹಣ ಅಥವಾ ಅನುಮತಿ ಬೇಕಾದ ಯಾವುದೇ ಕಾಮಗಾರಿಗೆ ಮೊದಲು ಅಲ್ಲಿ ಹಳೆಯದೇನಿದೆ, ಅದಕ್ಕೆ ಏನಾಗುತ್ತದೆ ಎಂದು ವಿಚಾರಿಸಲೇಬೇಕು. ಬುಡಕಟ್ಟಿನವರ ಮಾತನ್ನೂ ಕೇಳಬೇಕು. ಆದ್ದರಿಂದ ಬುಲ್ಡೋಜರ್ ಬರುವ ಮೊದಲು ಪುರಾತತ್ತ್ವದವರು ಬರುತ್ತಾರೆ. ಕೆಲವು ಮಾರು ಅಂತರದಲ್ಲಿ ಸಾಲಾಗಿ ನಿಂತು, ನೆಲ ನೋಡುತ್ತ ನಡೆಯುತ್ತಾರೆ. ನಾವು ಕಳೆದುಹೋದ ಮೂಗುತಿ ಹುಡುಕುವ ಹಾಗೆ. ಮಡಕೆಯ ಚೂರು, ಒಲೆಯ ಕರಿ, ಕಲ್ಲಿನ ಚಕ್ಕೆ ಕಂಡಲ್ಲಿ ಸಣ್ಣ ಬಾವುಟ ನೆಟ್ಟು ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ರಸ್ತೆಯನ್ನು ಪಕ್ಕಕ್ಕೆ ಸರಿಸಲು ಆದರೆ ಸರಿ. ಆಗದಿದ್ದರೆ ಅಗೆದು, ಅಳೆದು, ಬರೆದಿಟ್ಟುಕೊಂಡು ಆಮೇಲೆ ಜಾಗ ಬಿಟ್ಟುಕೊಡುತ್ತಾರೆ.

ಇಂಥ ಅಗೆತದ ಕಥೆಯನ್ನು ಫೀನಿಕ್ಸಿನ ಸೆಡವ್ ವಾಕಿ ವಸ್ತುಸಂಗ್ರಹಾಲಯದಲ್ಲಿ ಕೇಳಿದೆ. 2023ರವರೆಗೆ ಅದರ ಹೆಸರು ಪ್ವೆಬ್ಲೊ ಗ್ರಾಂಡೆ. ಪಕ್ಕದಲ್ಲಿ ಹಾಯುವ ಹೆದ್ದಾರಿಗೆ ಜಾಗ ಬಿಡುವ ಮೊದಲು, 1980ರ ದಶಕದ ಕೊನೆಯಲ್ಲಿ, ಅಲ್ಲಿ ದೊಡ್ಡ ಅಗೆತವೇ ನಡೆಯಿತು. ಆ ಹೆದ್ದಾರಿಯ ಹೆಸರು ಹೊಹೊಕಮ್! ಯಾರ ಮನೆಯಂಗಳದಲ್ಲಿ ರಸ್ತೆ ಹೋಯಿತೋ ಅವರ ಹೆಸರೇ ರಸ್ತೆಗೆ. ಗೌರವವೋ ಅಣಕವೋ ತಿಳಿಯಲಿಲ್ಲ. ಆ ಜನ ಜೋಳ ಅರೆಯುತ್ತಿದ್ದ ಕಲ್ಲುಗಳು ನಡುವೆ ಸವೆದು ಬೋಗುಣಿಯಾಗಿದ್ದವಂತೆ. ಎಷ್ಟು ಹೆಂಗಸರ ಎಷ್ಟು ಬೆಳಗುಗಳು!

ಆದರೆ ಬೆಟ್ಟದ ವಿಷಯದಲ್ಲಿ ಬರೆದಿಟ್ಟರೆ ಸಾಕಾಗಲಿಲ್ಲ. ಮಡಕೆ ಚೂರನ್ನು ಪೆಟ್ಟಿಗೆಯಲ್ಲಿಡಬಹುದು, ಬೆಟ್ಟವನ್ನು ಎಲ್ಲಿಡುವುದು? ಓಓದಮ್ ಜನರ ಗಿಲಾ ರಿವರ್ ಸಮುದಾಯ 2015ರಲ್ಲಿ ನ್ಯಾಯಾಲಯಕ್ಕೆ ಹೋಯಿತು. 2017ರ ಡಿಸೆಂಬರಿನಲ್ಲಿ ಮೇಲ್ಮನವಿಯಲ್ಲೂ ಸೋತಿತು. ವಿಚಾರಿಸಬೇಕೆಂದು ಕಾನೂನು ಹೇಳುತ್ತದೆ, ಬಿಟ್ಟುಬಿಡಬೇಕೆಂದು ಹೇಳುವುದಿಲ್ಲ. ಕೇಳಿಯೂ ಕೇಳದಂತಿರುವ ಹಿರಿಯರು ಎಲ್ಲ ಮನೆಗಳಲ್ಲೂ ಇರುತ್ತಾರಲ್ಲ, ಹಾಗೆ.

ಅವರನ್ನು ದೂರುವ ಮುಂಚೆ ನನ್ನನ್ನೇ ಕೇಳಿಕೊಂಡೆ. ನನ್ನ ತವರಿನ ತಿರುವಿನಲ್ಲಿ ಒಂದು ವೀರಗಲ್ಲಿತ್ತು. ದನ ಕಾಯಲು ಹೋಗಿ ಸತ್ತವನಂತೆ. ಕೆಳಗೆ ಕಾಳಗ, ಮೇಲೆ ಅಪ್ಸರೆಯರು. ಅಮ್ಮ ಶುಕ್ರವಾರ ಅದಕ್ಕೂ ಕುಂಕುಮ ಇಡುತ್ತಿದ್ದಳು. ರಸ್ತೆ ಅಗಲವಾದ ವರ್ಷ ಅದು ಮಣ್ಣಿನಡಿ ಹೋಯಿತು. ನಮ್ಮಲ್ಲಿ 1958ರ ಕಾಯಿದೆ, ಅದರ 2010ರ ತಿದ್ದುಪಡಿ ಇವೆ. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಕಟ್ಟುವ ಹಾಗಿಲ್ಲ. ಆದರೆ ಪಟ್ಟಿಯಲ್ಲಿಲ್ಲದ ಕಲ್ಲಿಗೆ ಯಾವ ನೂರು ಮೀಟರ್? ಅದರ ಮೇಲೆ ಎರಡು ಸಾಲು ಬರಹವಿತ್ತು. ಬಿ.ಎ.ಯಲ್ಲಿ ಇತಿಹಾಸ ಓದಿದ ನಾನು ಅದನ್ನು ಒಂದು ದಿನವೂ ಓದಲು ಯತ್ನಿಸಲಿಲ್ಲ, ಒಂದು ಹಾಳೆಗೆ ಇಳಿಸಿಕೊಳ್ಳಲಿಲ್ಲ. ಬಸ್ಸು ಅರ್ಧ ಗಂಟೆ ಬೇಗ ಬರುತ್ತದೆಂದು ಖುಷಿಪಟ್ಟೆ. ಅಮ್ಮ ಮಾತ್ರ ಆ ಶುಕ್ರವಾರ ಕುಂಕುಮದ ಬಟ್ಟಲು ಹಿಡಿದು ಹೋಗಿ ಹಾಗೇ ವಾಪಸು ಬಂದಳು.

ರಸ್ತೆ ಬೇಡವೆನ್ನಲಾರೆ. ಹೆರಿಗೆ ನೋವು ಬಂದವಳನ್ನು ಆಸ್ಪತ್ರೆಗೆ ಮುಟ್ಟಿಸುವುದು ಅದೇ ರಸ್ತೆ.

ಈ ವರ್ಷ ನಮ್ಮ ಶಾಲೆಯ ಮುಂದೆಯೂ ಸರ್ವೆಯವರು ಕಲ್ಲು ನೆಟ್ಟು ಹೋಗಿದ್ದಾರೆ. ಒಂದು ಶನಿವಾರ ಎಂಟನೇ ತರಗತಿಯ ಹುಡುಗಿಯರನ್ನು ಕೈಗೊಂದು ನೋಟ್‌ಬುಕ್ ಕೊಟ್ಟು ಸಾಲಾಗಿ ನಿಲ್ಲಿಸಿದೆ. ನೆಲ ನೋಡುತ್ತ ನಡೆದೆವು. ಬೇಲಿಯ ಬುಡದಲ್ಲಿ ಅರ್ಧ ಒಡೆದ ಬೀಸುವ ಕಲ್ಲೊಂದು ಸಿಕ್ಕಿತು.

"ಇದೂ ಇತಿಹಾಸವೇ ಟೀಚರ್?" ಎಂದಳು ಒಬ್ಬಳು.

"ಮೊದಲು ಬರೆದುಕೋ, ಆಮೇಲೆ ಮಾತಾಡೋಣ" ಎಂದೆ.