ಗರಗಸದ ಹಲ್ಲು: ಮಸೆಯುವ ವಿದ್ಯೆಯ ಚರಿತ್ರೆ

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ರಾಯಿ ದಾಟಿದರೆ ಸಿದ್ಧಕಟ್ಟೆ ಸಿಗುತ್ತದೆ. ಸುತ್ತಮುತ್ತ ಅಡಿಕೆ, ತೆಂಗು, ರಬ್ಬರ್ ತೋಟಗಳು. ನಡುನಡುವೆ ಹಲಸು, ಮಾವು. ಇಂಥ ಊರುಗಳಲ್ಲಿ ಮರ ಕತ್ತರಿಸುವ ಕೆಲಸಕ್ಕೆ ಬಿಡುವೆಂಬುದಿಲ್ಲ. ಹಾಲು ಕಡಿಮೆಯಾದ ರಬ್ಬರ್ ಮರಗಳನ್ನು ತೆಗೆದು ಹೊಸ ಗಿಡ ನೆಡಬೇಕು. ಮಳೆಗಾಲದ ಗಾಳಿಗೆ ರಸ್ತೆಯ ಮೇಲೋ ವಿದ್ಯುತ್ ತಂತಿಯ ಮೇಲೋ ಬಿದ್ದ ಮರವನ್ನು ಕೂಡಲೇ ತುಂಡು ಮಾಡಬೇಕು. ಈ ಕೆಲಸವೆಲ್ಲ ಇಂದು ಚೈನ್‌ಸಾ, ಅಂದರೆ ಸರಪಳಿ ಗರಗಸದ ಪಾಲಿಗೆ ಬಂದಿದೆ. ಅದರ ಎಂಜಿನ್ನಿನ ಸದ್ದು ಎಲ್ಲರ ಕಿವಿಗೂ ಬೀಳುತ್ತದೆ. ಆದರೆ ಮರವನ್ನು ಕತ್ತರಿಸುವುದು ಎಂಜಿನ್ ಅಲ್ಲ. ಸರಪಳಿಯ ಮೇಲಿರುವ ಪುಟ್ಟ ಹಲ್ಲುಗಳ ಅಂಚು. ಆ ಅಂಚನ್ನು ಹರಿತ ಮಾಡುವ ವಿದ್ಯೆ ಹೇಗೆ ಬೆಳೆದು ಬಂತು, ಅದಕ್ಕೆ ಯಾವ ಸಾಧನ ತಕ್ಕುದು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಹಳೆಯ ಕೈಗರಗಸದ ಮಾತು. ಮರದಲ್ಲಿ ನಾರುಗಳು ಉದ್ದಕ್ಕೆ ಸಾಗಿರುತ್ತವೆ. ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ತೆಗೆಯುವುದು ಒಂದು ಕೆಲಸ. ಅಡ್ಡಕ್ಕೆ ಕತ್ತರಿಸಿ ತುಂಡು ಮಾಡುವುದು ಬೇರೆಯೇ ಕೆಲಸ. ಸೀಳುವ ಗರಗಸದ ಹಲ್ಲು ಉಳಿಯಂತೆ ನೇರ ಅಂಚಿನದು. ನಾರಿನ ಜಾಡಿನಲ್ಲೇ ಮರವನ್ನು ಕೆತ್ತಿ ತೆಗೆಯುತ್ತದೆ. ಅಡ್ಡಗರಗಸದ ಹಲ್ಲು ಚಾಕುವಿನಂತೆ ಓರೆ ಅಂಚಿನದು. ನಾರನ್ನು ಮೊದಲು ಕೊಯ್ಯುತ್ತದೆ. ಎರಡರಲ್ಲೂ ಹಲ್ಲುಗಳನ್ನು ಒಂದು ಬಿಟ್ಟು ಒಂದರಂತೆ ಎಡಕ್ಕೂ ಬಲಕ್ಕೂ ತುಸು ವಾಲಿಸಿರುತ್ತಾರೆ. ಇಲ್ಲದಿದ್ದರೆ ಗರಗಸದ ತಗಡು ತಾನು ಕೊರೆದ ಸೀಳಿನಲ್ಲೇ ಸಿಕ್ಕಿಕೊಳ್ಳುತ್ತದೆ. ಈ ಹಲ್ಲುಗಳನ್ನು ಹರಿತ ಮಾಡಲು ಬಡಗಿಗಳು ಬಳಸುತ್ತಿದ್ದುದು ಮೂರು ಮೂಲೆಯ ಅರ. ಹೊಲದ ಕತ್ತಿಯನ್ನು ಮಸೆಗಲ್ಲಿಗೆ ತಿಕ್ಕಿದರೆ ಸಾಕು. ಗರಗಸಕ್ಕೆ ಅದು ಸಾಲದು. ಅಲ್ಲಿ ಪ್ರತಿ ಹಲ್ಲಿನ ಎತ್ತರ, ಓರೆ, ವಾಲಿಕೆ ಮೂರೂ ಸಮನಾಗಿರಬೇಕು.

ನಮ್ಮ ಕರಾವಳಿಯಲ್ಲಿ ಮರಗೆಲಸದ ಪರಂಪರೆ ಹಳೆಯದು. 1430ರಲ್ಲಿ ನಿರ್ಮಾಣಗೊಂಡ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮೇಲಂತಸ್ತುಗಳಲ್ಲಿ ಮರದ ಕೆಲಸವನ್ನು ಇಂದಿಗೂ ಕಾಣಬಹುದು. ಮುಂದೆ 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಮುಳಿಹುಲ್ಲಿನ ಮಾಡಿಗೆ ಗಳ, ಬಿದಿರು ಸಾಕಾಗುತ್ತಿದ್ದವು. ಒಂದಕ್ಕೊಂದು ಕೊಂಡಿ ಹಾಕಿ ಕೂರುವ ಮಂಗಳೂರು ಹಂಚಿಗೆ ಮಾತ್ರ ನೇರವಾಗಿ ಸೀಳಿದ ಪಕ್ಕಾಸು, ಸಮ ಅಂತರದಲ್ಲಿ ಬಡಿದ ರೀಪು ಬೇಕೇಬೇಕು. ರೀಪು ಓರೆಯಾದರೆ ಹಂಚು ಕೂರುವುದಿಲ್ಲ, ಮಳೆನೀರು ಒಳಗಿಳಿಯುತ್ತದೆ. ದಿಮ್ಮಿಯನ್ನು ಎತ್ತರದಲ್ಲಿ ಇರಿಸಿ ಒಬ್ಬ ಮೇಲೆ, ಇನ್ನೊಬ್ಬ ಕೆಳಗೆ ನಿಂತು ಉದ್ದ ಗರಗಸ ಎಳೆಯುವ ಕೆಲಸ ಇಂಥ ಮನೆಗಳ ಹಿಂದೆ ಇತ್ತು. ಮೇಲಿನವನು ಗೆರೆ ನೋಡಿಕೊಳ್ಳಬೇಕು; ಕೆಳಗಿನವನ ಕಣ್ಣಿಗೆ ಮರದ ಹುಡಿ ಬೀಳುತ್ತಲೇ ಇರುತ್ತದೆ. ಅಂಚು ಮೊಂಡಾದರೆ ತೋಳಿಗೆ ಕೂಡಲೇ ತಿಳಿಯುತ್ತಿತ್ತು. ಹಾಗಾಗಿ ಅರ ಹಿಡಿದು ಕೂರುವುದು ಅವರಿಗೆ ಬಿಡುವಲ್ಲ. ಕೆಲಸದ್ದೇ ಒಂದು ಭಾಗ.

ಹಲ್ಲುಗಳನ್ನು ಸರಪಳಿಗೆ ಜೋಡಿಸುವ ಯೋಚನೆ ಮೊದಲು ಬಂದದ್ದು ಮರ ಕಡಿಯುವವರಿಗಲ್ಲ, ವೈದ್ಯರಿಗೆ! 1830ರ ಸುಮಾರಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಎಂಬ ವೈದ್ಯರು ಮೂಳೆ ಕತ್ತರಿಸಲು ಕೈಯಿಂದ ತಿರುಗಿಸುವ ಸರಪಳಿ ಗರಗಸವೊಂದನ್ನು ರೂಪಿಸಿದರು. ಮರಕ್ಕಾಗಿ ವಿದ್ಯುತ್ ಚಾಲಿತ ಸರಪಳಿ ಗರಗಸವನ್ನು ಜರ್ಮನಿಯವರೇ ಆದ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ತಯಾರಿಸಿದರು. ಅದರ ತೂಕ ಸುಮಾರು 48 ಕಿಲೋಗ್ರಾಂ. ಹಿಡಿಯಲು ಇಬ್ಬರು ಬೇಕಿತ್ತು. 1929ರಲ್ಲಿ ಅವರ ಪೆಟ್ರೋಲ್ ಎಂಜಿನ್ನಿನ ಗರಗಸ ಬಂತು. ಎಂಜಿನ್ ಹೊಸದಾದರೂ ಹಲ್ಲು ಮಾತ್ರ ಹಳೆಯದೇ. ಅಡ್ಡಗರಗಸದ ಕೊಯ್ಯುವ ಹಲ್ಲು, ಹುಡಿ ಬಾಚುವ ಹಲ್ಲುಗಳನ್ನೇ ಸರಪಳಿಗೆ ಕೂರಿಸಿದ್ದರು. ಅವು ಮರವನ್ನು ಕೆರೆಯುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು. ಬಗೆಬಗೆಯ ಆಕಾರದ ಹಲ್ಲುಗಳನ್ನು ಒಂದೊಂದಾಗಿ ಅರದಿಂದ ಸರಿಪಡಿಸಲು ನುರಿತ ಕೈಯೇ ಬೇಕಿತ್ತು, ಸಮಯವೂ ಬಹಳ ಹಿಡಿಯುತ್ತಿತ್ತು.

ಈ ತೊಡಕಿಗೆ ಉತ್ತರ ದೊರೆತದ್ದು ಒಂದು ಹುಳುವಿನ ಬಾಯಲ್ಲಿ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ 1946ರಲ್ಲಿ ಮರ ಕೊರೆಯುವ ದುಂಬಿಯ ಮರಿಹುಳು ಕೆಲಸ ಮಾಡುವುದನ್ನು ಗಮನಿಸಿದರು. ಅದು ತನ್ನ ಎರಡು ದವಡೆಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಡಿಯುತ್ತ, ಗಟ್ಟಿ ಮರದಲ್ಲೂ ನಾರಿನ ಜಾಡಿಗೆ ಹೆದರದೆ ಸುರಂಗ ತೋಡುತ್ತಿತ್ತು. ಕಾಕ್ಸ್ ಆ ದವಡೆಯ ಆಕಾರವನ್ನು ಉಕ್ಕಿನಲ್ಲಿ ಮೂಡಿಸಿದರು. 1947ರಲ್ಲಿ ಎಡ ಹಲ್ಲು, ಬಲ ಹಲ್ಲು ಸರದಿಯಂತೆ ಬರುವ ಹೊಸ ಸರಪಳಿ ಮಾರಾಟಕ್ಕೆ ಬಂತು. ಇಂದು ಸಿದ್ಧಕಟ್ಟೆಯ ತೋಟದಲ್ಲಿ ತಿರುಗುವ ಸರಪಳಿಯೂ ಮೂಲತಃ ಅದೇ ವಂಶದ್ದು.

ಮಸೆಯುವ ವಿದ್ಯೆಯ ದೃಷ್ಟಿಯಿಂದ ಇದು ದೊಡ್ಡ ತಿರುವು. ಹೊಸ ಹಲ್ಲಿನ ಒಳಭಾಗ ಬಾಗಿದ ಬೊಗಸೆಯಂತಿದೆ. ಹಾಗಾಗಿ ಒಂದೇ ಒಂದು ದುಂಡು ಅರ ಅದರ ಮೇಲಂಚನ್ನೂ ಪಕ್ಕದಂಚನ್ನೂ ಏಕಕಾಲಕ್ಕೆ ಹರಿತ ಮಾಡುತ್ತದೆ. ಹಲ್ಲನ್ನು ವಾಲಿಸುವ ಕೆಲಸವೂ ಇಲ್ಲ. ಮೇಲಂಚು ಹಿಂದಕ್ಕೆ ಹೋದಂತೆ ಕಿರಿದಾಗಿರುವುದರಿಂದ ಸೀಳು ತಾನೇ ಅಗಲವಾಗುತ್ತದೆ. ಹಲ್ಲಿನ ಹೊರಮೈಗೆ ತೆಳ್ಳಗಿನ ಕ್ರೋಮಿಯಂ ಲೇಪವಿದೆ. ಅರವು ಒಳಗಿನ ಉಕ್ಕನ್ನು ಸವೆಸಿದಾಗ ಅಂಚಿನಲ್ಲಿ ಆ ಗಟ್ಟಿ ಲೇಪ ಉಳಿದುಕೊಂಡು ಕತ್ತರಿಸುತ್ತದೆ.

ಈ ಹಲ್ಲುಗಳ ವೇಗವನ್ನು ಲೆಕ್ಕ ಹಾಕಿ ನೋಡಿ. ಪೂರ್ಣ ವೇಗದಲ್ಲಿ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 72 ಕಿಲೋಮೀಟರ್. ನಮ್ಮ ದೂರದರ್ಶನದ ಚಿತ್ರದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಹೋಗುವಷ್ಟರಲ್ಲಿ ಸರಪಳಿ 80 ಸೆಂಟಿಮೀಟರ್ ಸಾಗಿರುತ್ತದೆ. ತೆರೆಯ ಮೇಲೆ ಹಲ್ಲು ಕಾಣದೆ ಬರೀ ಮಬ್ಬು ಗೆರೆ ಕಾಣುವುದು ಇದರಿಂದಲೇ. 36 ಹಲ್ಲುಗಳ, ಸುಮಾರು 1.37 ಮೀಟರ್ ಉದ್ದದ ಸರಪಳಿಯಾದರೆ ಮರದ ಒಂದು ಬಿಂದುವಿನ ಮೂಲಕ ಸೆಕೆಂಡಿಗೆ ಸುಮಾರು 525 ಹಲ್ಲುಗಳು ಹಾಯುತ್ತವೆ. ಇಷ್ಟು ಹಲ್ಲುಗಳು ಮೊಂಡಾಗಿದ್ದರೆ ಎಂಜಿನ್ನಿನ ಶಕ್ತಿಯೆಲ್ಲ ಶಾಖವಾಗಿ ಪೋಲಾಗುತ್ತದೆ.

ಮೊಂಡಾದುದನ್ನು ತಿಳಿಯುವುದು ಹೇಗೆ? ಕೆಳಗೆ ಬೀಳುವ ಪುಡಿಯನ್ನು ನೋಡಿ. ಹರಿತವಾದ ಸರಪಳಿ ಚಕ್ಕೆಗಳನ್ನು ಉದುರಿಸುತ್ತದೆ. ಮೊಂಡಾದದ್ದು ನುಣ್ಣನೆಯ ಹಿಟ್ಟು ಮಾಡುತ್ತದೆ. ಗರಗಸ ತಾನಾಗಿ ಇಳಿಯದೆ ಒತ್ತಬೇಕಾಗಿ ಬಂದರೆ, ಹೊಗೆ ಬಂದರೆ, ಒಂದೇ ಬದಿಗೆ ಎಳೆದರೆ ಕೆಲಸ ನಿಲ್ಲಿಸಬೇಕು. ನಮ್ಮ ಕಡೆ ಇದಕ್ಕೆ ಕಾರಣಗಳೂ ಹೆಚ್ಚು. ಮಳೆಗೆ ಸಿಡಿದ ಮಣ್ಣು ಮರದ ಬುಡದಲ್ಲಿ ಅಂಟಿರುತ್ತದೆ. ಮಣ್ಣಿನಲ್ಲಿರುವ ಮರಳಿನ ಕಣ ಉಕ್ಕಿನ ಅಂಚನ್ನು ಸವೆಸಬಲ್ಲದು; ತಿರುಗುವ ಸರಪಳಿ ಒಮ್ಮೆ ನೆಲಕ್ಕೆ ತಾಗಿದರೂ ಹರಿತ ಹೋಯಿತೆಂದೇ ಲೆಕ್ಕ. ಹಳೆಯ ತೆಂಗಿನ ಮರದ ಹೊರಭಾಗವೂ ಅಂಚನ್ನು ಬೇಗ ತಿನ್ನುತ್ತದೆ.

ಇನ್ನು ಸಾಧನದ ಆಯ್ಕೆ. ಅರದ ದಪ್ಪವು ಸರಪಳಿಯ ಅಳತೆಗೆ ಹೊಂದಬೇಕು. ಅಕ್ಕಪಕ್ಕದ ಮೂರು ರಿವೆಟ್‌ಗಳ ನಡುವಿನ ದೂರದ ಅರ್ಧವೇ ಈ ಅಳತೆ. ಅದನ್ನು ‘ಪಿಚ್’ ಎನ್ನುತ್ತಾರೆ. ಸಣ್ಣ ಯಂತ್ರಗಳ ತಗ್ಗು ಹಲ್ಲಿನ 3/8 ಅಂಗುಲದ ಸರಪಳಿಗೆ 4 ಮಿಲಿಮೀಟರ್ ಅರ, 0.325 ಅಂಗುಲದ್ದಕ್ಕೆ 4.8 ಮಿಲಿಮೀಟರ್, ದೊಡ್ಡ ಯಂತ್ರದ 3/8 ಅಂಗುಲಕ್ಕೆ ತಯಾರಕರು ಹೇಳಿದಂತೆ 5.2 ಅಥವಾ 5.5 ಮಿಲಿಮೀಟರ್. ಅರ ತೀರಾ ಸಣ್ಣದಾದರೆ ಅಂಚು ಕೊಕ್ಕೆಯಂತಾಗಿ ಬೇಗ ಮುರಿಯುತ್ತದೆ. ದಪ್ಪವಾದರೆ ಅಂಚು ಹಿಂದಕ್ಕೆ ವಾಲಿ ಮರವನ್ನು ಹಿಡಿಯುವುದೇ ಇಲ್ಲ. ಬರಿಯ ಅರಕ್ಕಿಂತ, ಕೋನದ ಗೆರೆಗಳಿರುವ ಹಿಡಿಕೆಗೆ ಸಿಕ್ಕಿಸಿದ ಅರ ಕಲಿಯುವವರಿಗೆ ಒಳ್ಳೆಯದು.

ವಿಧಾನ ಸರಳವಾಗಿದೆ, ಆದರೆ ತಾಳ್ಮೆ ಬೇಡುತ್ತದೆ. ಎಂಜಿನ್ ನಿಲ್ಲಿಸಿ, ಕೈಗವಸು ತೊಟ್ಟು, ಸರಪಳಿ ಅಲುಗದಂತೆ ಬಿಗಿಮಾಡಬೇಕು. ಎಲ್ಲಕ್ಕಿಂತ ಹೆಚ್ಚು ಸವೆದ ಹಲ್ಲಿನಿಂದ ಆರಂಭಿಸಿ, ಉಳಿದವನ್ನು ಅದರ ಉದ್ದಕ್ಕೆ ಸರಿಹೊಂದಿಸಬೇಕು. ಅರದ ದಪ್ಪದ ಐದನೆಯ ಒಂದು ಭಾಗ ಹಲ್ಲಿನ ಮೇಲಂಚಿಗಿಂತ ಎತ್ತರದಲ್ಲಿರಲಿ. ಹಲ್ಲಿನ ಒಳಗಿನಿಂದ ಹೊರಕ್ಕೆ ತಳ್ಳಬೇಕು. ಹಿಂದಕ್ಕೆ ತರುವಾಗ ಅರವನ್ನು ಎತ್ತಬೇಕು, ಏಕೆಂದರೆ ಅರದ ಗೀರುಗಳು ಒಂದೇ ದಿಕ್ಕಿಗೆ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ ಅಡ್ಡಕ್ಕೆ ಕತ್ತರಿಸುವ ಸರಪಳಿಗೆ ಕೋನ 30 ಡಿಗ್ರಿ. ಉದ್ದಕ್ಕೆ ಸೀಳುವುದಕ್ಕೆ ಸುಮಾರು 10 ಡಿಗ್ರಿ. ಓರೆ ಅಂಚು ಕೊಯ್ಯಲಿಕ್ಕೆ, ನೇರ ಅಂಚು ಸೀಳಲಿಕ್ಕೆ ಎಂಬ ಹಳೆಯ ಬಡಗಿಯ ನಿಯಮವೇ ಇಲ್ಲಿಯೂ ಮುಂದುವರಿದಿರುವುದನ್ನು ಗಮನಿಸಿ. ಹಲ್ಲಿಗೆ ಮೂರು ಬಾರಿ ಎಂದರೂ 36 ಹಲ್ಲಿಗೆ 108 ಬಾರಿ. ಪ್ರತಿ ಸಲ ಪೆಟ್ರೋಲ್ ತುಂಬುವಾಗ ಹೀಗೆ ಸ್ವಲ್ಪ ತಿಕ್ಕಿಕೊಂಡರೆ ದೊಡ್ಡ ರಿಪೇರಿಯ ಪ್ರಮೇಯ ಬರುವುದಿಲ್ಲ.

ಪ್ರತಿ ಹಲ್ಲಿನ ಮುಂದೆ ಒಂದು ಪುಟ್ಟ ದಿಣ್ಣೆಯಿದೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂಬುದನ್ನು ನಿರ್ಧರಿಸುವುದು ಅದೇ. ಅನೇಕ ಸರಪಳಿಗಳಲ್ಲಿ ಅದು ಹಲ್ಲಿನ ಅಂಚಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿನಲ್ಲಿರುತ್ತದೆ. ಹಲ್ಲು ಸವೆದು ತಗ್ಗಿದಾಗ ದಿಣ್ಣೆಯನ್ನೂ ಚಪ್ಪಟೆ ಅರದಿಂದ, ಅಳತೆ ಪಟ್ಟಿ ಇಟ್ಟು, ತಗ್ಗಿಸಬೇಕು. ಬೇಗ ಕೆಲಸ ಮುಗಿಯಲೆಂದು ಅದನ್ನು ಅತಿಯಾಗಿ ಸವೆಸುವುದು ಅಪಾಯಕಾರಿ. ಆಗ ಹಲ್ಲು ಅಳತೆ ಮೀರಿ ಕಚ್ಚುತ್ತದೆ. ಪಟ್ಟಿಯ ತುದಿ ಮರಕ್ಕೆ ತಾಗಿದರೆ ಗರಗಸ ಹಿಡಿದವನ ಮುಖದತ್ತ ಎಗರಬಹುದು. ಕಣ್ಣು ಮಿಟುಕಿಸುವಷ್ಟರಲ್ಲಿ ಇದು ನಡೆದುಹೋಗುತ್ತದೆ. ಮೊಂಡಾದ ಸರಪಳಿಯೂ ಕಡಿಮೆ ಅಪಾಯದ್ದಲ್ಲ. ಒತ್ತಿ ಒತ್ತಿ ದಣಿದ ತೋಳು ಹಿಡಿತ ತಪ್ಪುತ್ತದೆ. ಕೂಲಿ ಮಾಡುವವನಿಗೆ ಈ ಅರ ಮಿಲಿಮೀಟರಿನ ಲೆಕ್ಕವೇ ಸಂಜೆ ಮನೆಗೆ ಕ್ಷೇಮವಾಗಿ ಮರಳುವ ಲೆಕ್ಕ.

ವಿದ್ಯುತ್ತಿನಿಂದ ತಿರುಗುವ ಸಾಣೆ ಯಂತ್ರವೂ ಇದೆ. ಕಲ್ಲಿಗೋ ಮೊಳೆಗೋ ಬಡಿದು ಹಲ್ಲುಗಳು ಒಡೆದಾಗ ಎಲ್ಲವನ್ನೂ ಒಂದೇ ಉದ್ದಕ್ಕೆ ತರಲು ಅದು ಉಪಯುಕ್ತ. ಆದರೆ ಸಾಣೆಯನ್ನು ಒತ್ತಿ ಹಿಡಿದರೆ ಹಲ್ಲು ಕಾದು ನೀಲಿಯಾಗುತ್ತದೆ. ಉಕ್ಕಿಗೆ ನೀಲಿ ಬಣ್ಣ ಬರುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕುಲುಮೆಯ ಮುಂದೆ ಕೂತ ಕಮ್ಮಾರ ಇಂಥ ಬಣ್ಣ ನೋಡಿಯೇ ಕತ್ತಿಯ ಹದ ಗುರುತಿಸುತ್ತಿದ್ದ. ಬೇಡದ ಜಾಗದಲ್ಲಿ ಆ ಬಣ್ಣ ಬಂದರೆ ಹಲ್ಲಿನ ಹದ ಕೆಟ್ಟಿತೆಂದೇ ಅರ್ಥ. ಇಳಿಜಾರಿನ ತೋಟದಲ್ಲಿ, ವಿದ್ಯುತ್ ಇಲ್ಲದ ಕಡೆ, ದಿನನಿತ್ಯದ ಕೆಲಸಕ್ಕೆ ಹಿಡಿಕೆಯಿರುವ ದುಂಡು ಅರವೇ ಉತ್ತಮ. ಬೆಲೆ ಕಡಿಮೆ, ಜೇಬಿನಲ್ಲಿ ಹಿಡಿಸುತ್ತದೆ, ಉಕ್ಕನ್ನು ಕಾಯಿಸುವುದಿಲ್ಲ.

ಎರಡು ಶತಮಾನಗಳಲ್ಲಿ ಗರಗಸಕ್ಕೆ ಸರಪಳಿ ಬಂತು, ಎಂಜಿನ್ ಬಂತು, ಹುಳುವಿನ ದವಡೆಯ ಆಕಾರ ಬಂತು. ಅಂಚು ಕಾಯುವ ಹೊಣೆ ಮಾತ್ರ ಕೈಯಲ್ಲೇ ಉಳಿದಿದೆ. ಈ ವಿದ್ಯೆ ಬಲ್ಲವರು ನಿಮ್ಮ ಊರಿನಲ್ಲೂ ಇರುತ್ತಾರೆ. ಅವರು ಕೆಲಸ ನಿಲ್ಲಿಸಿ ಅರ ಹಿಡಿದು ಕೂತಿರುವಾಗ ಹತ್ತಿರ ಹೋಗಿ ಕೇಳಿ: ಅರದ ಅಳತೆ ಎಷ್ಟು, ಕೋನ ಎಷ್ಟು, ಮೊದಲು ಯಾವ ಹಲ್ಲು? ಮಸೆಯುವ ಮೊದಲಿನ ಪುಡಿಯನ್ನೂ ಅನಂತರದ ಪುಡಿಯನ್ನೂ ಎರಡು ಕಾಗದಗಳ ಮೇಲೆ ಹಿಡಿದು ಹೋಲಿಸಿ ನೋಡಿ. ಹಿಟ್ಟು ಯಾವುದು, ಚಕ್ಕೆ ಯಾವುದು ಎಂಬುದು ನಿಮ್ಮ ಕಣ್ಣಿಗೇ ತಿಳಿಯುತ್ತದೆ.