ಕಾಳಿಂಗಕ್ಕೆ ಹೆಸರು ಸಿಕ್ಕ ಬಗೆ

ತುಮಕೂರಿನಲ್ಲಿ ಒಂದು ದಿನ ಅಳತೆಯ ಮಾನಗಳ ಪಾಠ ಮುಗಿಸಿ ಹೊರಡುತ್ತಿದ್ದಾಗ ಇಬ್ಬರು ವಿದ್ಯಾರ್ಥಿಗಳು ತಡೆದು ನಿಲ್ಲಿಸಿದರು. ಗುಬ್ಬಿಯ ಹುಡುಗನ ಅಡಿಕೆ ತೋಟದಲ್ಲಿ ಕಂಡದ್ದು ಕಪ್ಪು ನಾಗರಹಾವು. ಕುಣಿಗಲ್‌ನ ಹುಡುಗಿಯ ಹಿತ್ತಲಿಗೆ ಬಂದದ್ದು ಗೋಧಿ ಬಣ್ಣದ್ದು. 'ಎರಡೂ ಒಂದೇನಾ, ಬೇರೆ ಬೇರೆನಾ ಸಾರ್?' ಭೌತಶಾಸ್ತ್ರದ ಮೇಷ್ಟ್ರಿಗೆ ಹಾವಿನ ಪ್ರಶ್ನೆ! ಪ್ರಾಣಿಶಾಸ್ತ್ರದ ಗೆಳೆಯರನ್ನು ವಿಚಾರಿಸಿ ಮರುದಿನ ಉತ್ತರಿಸಿದೆ: ಎರಡೂ ಒಂದೇ ಪ್ರಭೇದ, ನಾಜಾ ನಾಜಾ. ಅದರ ಬಣ್ಣದಲ್ಲಿ ವ್ಯತ್ಯಾಸಗಳಿರುತ್ತವೆ. ಹೆಡೆಯ ಮೇಲಿನ ಕನ್ನಡಕದ ಗುರುತು ಕೆಲವದರಲ್ಲಿ ಇರುವುದೇ ಇಲ್ಲ. 'ಹಾಗಾದರೆ ಯಾವ ಹಾವನ್ನು ನೋಡಿ ಆ ಹೆಸರಿಟ್ಟರು?' ಎಂದಳು ಹುಡುಗಿ.

ಅವಳ ಪ್ರಶ್ನೆಗೂ ಹಿಂದಿನ ದಿನದ ನನ್ನ ಪಾಠಕ್ಕೂ ನಂಟಿದೆ. 1889ರಿಂದ 2019ರವರೆಗೆ ಕಿಲೋಗ್ರಾಂ ಎಂದರೆ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿಟ್ಟಿದ್ದ ಒಂದು ಲೋಹದ ತುಂಡಿನ ರಾಶಿ. ಜೀವಿಗಳ ವೈಜ್ಞಾನಿಕ ಹೆಸರಿನ ಕಥೆಯೂ ಹೀಗೆಯೇ. ಹೆಸರು ಅಂಟಿಕೊಂಡಿರುವುದು ವರ್ಣನೆಗಲ್ಲ, ಸಂಗ್ರಹಾಲಯದ ಜಾಡಿಯಲ್ಲಿರುವ ಒಂದು ನಿರ್ದಿಷ್ಟ ದೇಹಕ್ಕೆ. ಇದನ್ನು ಟೈಪ್ ಮಾದರಿ ಎನ್ನುತ್ತಾರೆ. ಅದು ತನ್ನ ಪ್ರಭೇದದ ಸರಾಸರಿ ಪ್ರತಿನಿಧಿಯೇ ಆಗಿರಬೇಕೆಂದಿಲ್ಲ; ಹೆಸರನ್ನು ಹಿಡಿದಿಡುವ ಗೂಟವಾದರೆ ಸಾಕು. ಭೌತಶಾಸ್ತ್ರವು 2019ರಲ್ಲಿ ಲೋಹದ ತುಂಡನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕಕ್ಕೆ ಹೋಯಿತು. ಜೀವಶಾಸ್ತ್ರಕ್ಕೆ ಅಂಥ ಸ್ಥಿರಾಂಕವೊಂದು ಸಿಗುವ ಲಕ್ಷಣವಿಲ್ಲ.

ಗೂಟ ಸಡಿಲವಾದರೆ ಏನಾಗುತ್ತದೆ? ಲಿನೇಯಸ್ 1758ರಲ್ಲಿ ನಾಗರಹಾವನ್ನು ಕೊಲುಬರ್ ನಾಜಾ ಎಂದು ಕರೆದ. ನಮ್ಮ 'ನಾಗ'ವೇ ಅಲ್ಲಿ 'ನಾಜಾ' ಆಗಿದೆ. 1768ರಲ್ಲಿ ಲಾರೆಂಟಿ ನಾಜಾ ಎಂಬ ಕುಲವನ್ನು ಸ್ಥಾಪಿಸಿ, ಸಯಾಮಿನ ಹಾವೊಂದಕ್ಕೆ ನಾಜಾ ಸಯಾಮೆನ್ಸಿಸ್ ಎಂಬ ಹೆಸರನ್ನೂ ಕೊಟ್ಟ. ಮುಂದೆ ಏಷ್ಯಾದ ನಾಗರಹಾವುಗಳನ್ನೆಲ್ಲ ಒಂದೇ ಪ್ರಭೇದದ ಉಪಪ್ರಭೇದಗಳೆಂದು ಎಣಿಸುವ ರೂಢಿ ಬಂತು. 1970ರ ದಶಕದಲ್ಲಿ ನರ–ಸ್ನಾಯು ಸಂಧಿಯ ಅಸಿಟೈಲ್‌ಕೋಲಿನ್ ಗ್ರಾಹಕವನ್ನು ಅಭ್ಯಸಿಸಿದವರು ಬಳಸಿದ ಒಂದು ವಿಷದ ಸೀಸೆಯ ಮೇಲೆ 'ನಾಜಾ ನಾಜಾ ಸಯಾಮೆನ್ಸಿಸ್' ಎಂದಿತ್ತು. ಒಳಗಿದ್ದದ್ದು ಬೇರೊಂದು ಹಾವಿನ ವಿಷ! ಅದು ಹೆಡೆಯ ಮೇಲೆ ಒಂಟಿ ವೃತ್ತವಿರುವ ನಾಜಾ ಕೌಥಿಯಾದ್ದು. ನಿಜವಾದ ಸಯಾಮೆನ್ಸಿಸ್ ವಿಷ ಉಗುಳುವ ಹಾವು. ವುಲ್ಫ್‌ಗಾಂಗ್ ವುಸ್ಟರ್ ಮತ್ತು ಸಂಗಡಿಗರು 1997ರಲ್ಲಿ ಅದನ್ನು ಹೊಸದಾಗಿ ವರ್ಣಿಸಿ, ಅದರ ಹೆಸರಿಗೆ ಹೊಸ ಗೂಟವನ್ನು, ಎಂದರೆ ನಿಯೋಟೈಪ್ ಅನ್ನು, ಗೊತ್ತುಮಾಡಿದರು. ಆಗಲೇ ಆ ಹೆಸರು ನೆಲೆ ನಿಂತದ್ದು.

ಈಗ ನಮ್ಮ ಮಲೆನಾಡಿಗೆ ಬರೋಣ. ಕಾಳಿಂಗಸರ್ಪವು ನಾಜಾ ಕುಲದ್ದಲ್ಲ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಡೇನಿಷ್ ಮೂಲದ ಥಿಯೊಡೋರ್ ಕ್ಯಾಂಟರ್ 1836ರಲ್ಲಿ ಬಂಗಾಳದ ಹಾವುಗಳನ್ನು ನೋಡಿ ಅದನ್ನು ಹಮಡ್ರಯಾಸ್ ಹನ್ನಾ ಎಂದು ಕರೆದ. ಆದರೆ ಹಮಡ್ರಯಾಸ್ ಎಂಬ ಹೆಸರು ಆ ವೇಳೆಗಾಗಲೇ ಒಂದು ಚಿಟ್ಟೆ ಕುಲದ ಪಾಲಾಗಿತ್ತು. ಹಾಗಾಗಿ, 1864ರಲ್ಲಿ ಗುಂಥರ್ ಕೊಟ್ಟ ಓಫಿಯೊಫಾಗಸ್, ಅಂದರೆ 'ಹಾವು ತಿನ್ನುವುದು', ಎಂಬ ಕುಲನಾಮ ಉಳಿಯಿತು. ಆಗುಂಬೆಯಿಂದ ಫಿಲಿಪ್ಪೀನ್ಸ್‌ವರೆಗಿನ ಎಲ್ಲ ಕಾಳಿಂಗಗಳೂ ಓಫಿಯೊಫಾಗಸ್ ಹನ್ನಾ ಎಂಬ ಒಂದೇ ಹೆಸರಿನಡಿ ಬಂದವು.

ಆಗುಂಬೆ ಬಳಿ ಕಾಳಿಂಗಗಳನ್ನು ಅಧ್ಯಯನ ಮಾಡುತ್ತಿರುವ ಪಿ. ಗೌರಿಶಂಕರ್ ಅವರಿಗೆ 2005ರಲ್ಲಿ ಕಾಳಿಂಗವೊಂದು ಕಚ್ಚಿತು. ಭಾರತದಲ್ಲಿ ತಯಾರಾಗುವ ಬಹುವಿಷ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ, ಕಾಳಿಂಗ ಅದರಲ್ಲಿಲ್ಲ. ಥಾಯ್ಲೆಂಡಿನ ಕಾಳಿಂಗ ಪ್ರತಿವಿಷ ಕೊಟ್ಟರೂ ಅದು ನಿರೀಕ್ಷಿಸಿದಂತೆ ಕೆಲಸ ಮಾಡಲಿಲ್ಲವೆಂದು ಅವರು ಹೇಳಿದ್ದಾರೆ. (ಪ್ರತಿವಿಷ ತಯಾರಾಗುವುದು ಕುದುರೆಗಳ ರಕ್ತದಿಂದ. ಕುದುರೆ ಫಾರಂಗೆ ಹೆಸರಾದ ಕುಣಿಗಲ್‌ನ ನನ್ನ ವಿದ್ಯಾರ್ಥಿನಿಗೆ ಇದು ಬಲು ಹಿಡಿಸಿತು.) ಸೀಸೆಯ ಮೇಲೆ ಇದ್ದದ್ದು ಅದೇ 'ಹನ್ನಾ' ಹೆಸರು. ಆದರೆ ಹಾವು ಅದೇನಾ?

2021ರಲ್ಲಿ ಗೌರಿಶಂಕರ್ ಮತ್ತು ಸಂಗಡಿಗರು ಡಿಎನ್‌ಎ ವಿಶ್ಲೇಷಣೆಯಿಂದ ಕಾಳಿಂಗದಲ್ಲಿ ನಾಲ್ಕು ಪ್ರತ್ಯೇಕ ವಂಶಗಳಿವೆಯೆಂದು ತೋರಿಸಿದರು. ಆದರೆ ಯಾವ ವಂಶಕ್ಕೆ ಯಾವ ಹೆಸರಿನ ಹಕ್ಕಿದೆಯೆಂಬುದನ್ನು ಡಿಎನ್‌ಎ ಹೇಳದು. ಜಾಡಿಯ ಹಳೆಯ ಹಾವುಗಳಲ್ಲಿ ಬಣ್ಣ ಮಾಸಿರುತ್ತದೆ, ಫಾರ್ಮಲಿನ್‌ನಿಂದ ಡಿಎನ್‌ಎ ಕೆಟ್ಟಿರುತ್ತದೆ. ಆದರೂ ಪಟ್ಟೆಗಳನ್ನೂ ಹಲ್ಲುಗಳನ್ನೂ ಎಣಿಸಬಹುದು. ಹಾಗೆ ಸುಮಾರು 150 ಸಂಗ್ರಹಾಲಯ ಮಾದರಿಗಳನ್ನು ಪರೀಕ್ಷಿಸಿದ ಇಂದ್ರನೀಲ್ ದಾಸ್, ಗೌರಿಶಂಕರ್, ವುಸ್ಟರ್ ಮತ್ತಿತರರ ಪ್ರಬಂಧ ಅಕ್ಟೋಬರ್ 2024ರಲ್ಲಿ ಯುರೋಪಿಯನ್ ಜರ್ನಲ್ ಆಫ್ ಟ್ಯಾಕ್ಸಾನಮಿಯಲ್ಲಿ ಬಂತು.

ಕ್ಯಾಂಟರನ ಹಾವು ಬಂಗಾಳದ್ದು. ಹಾಗಾಗಿ 'ಹನ್ನಾ' ಹೆಸರು ಉತ್ತರದ ವಂಶಕ್ಕೆ ಉಳಿಯಿತು. ಅದರ ಪಟ್ಟೆಗಳಿಗೆ ಕಪ್ಪು ಅಂಚಿದೆ, ಸಂಖ್ಯೆ 50ರಿಂದ 70. ಮಲಯ ಹಾಗೂ ಜಾವಾ ಕಡೆಯ ವಂಶಕ್ಕೆ, ಷ್ಲೆಗೆಲ್ 1837ರಲ್ಲಿ ಇಟ್ಟು ಬಹುಕಾಲ ಮೂಲೆಗುಂಪಾಗಿದ್ದ 'ಬಂಗಾರಸ್' ಹೆಸರು ಮರಳಿ ಸಿಕ್ಕಿತು. (ಇದಕ್ಕೂ ನಮ್ಮ ಬಂಗಾರಕ್ಕೂ ಸಂಬಂಧವಿದೆ!) ಉಳಿದ ಎರಡಕ್ಕೆ ಹೊಸ ಹೆಸರು ಬೇಕಾಯಿತು. ಲೂಜಾನ್ ದ್ವೀಪದ್ದು ಸಾಲ್ವಟಾನ. ಪಶ್ಚಿಮ ಘಟ್ಟದ, ಅಂಚಿಲ್ಲದ, 40ಕ್ಕಿಂತ ಕಡಿಮೆ ಪಟ್ಟೆಗಳಿರುವ ಹಾವಿಗೆ ಕನ್ನಡದ ಹೆಸರೇ ಬಂತು: ಓಫಿಯೊಫಾಗಸ್ ಕಾಳಿಂಗ.

ಹೆಸರು ಬೇರೆಯಾದ ಮಾತ್ರಕ್ಕೆ ವಿಷವೂ ಬೇರೆ ಎಂದು ಸಿದ್ಧವಾಗುವುದಿಲ್ಲ. ಅದನ್ನು ಪ್ರಯೋಗಶಾಲೆಯಲ್ಲೇ ಅಳೆಯಬೇಕು. ಆದರೆ ಆಗುಂಬೆಯ ಹಾವಿನ ವಿಷವನ್ನೂ ಥಾಯ್ಲೆಂಡಿನ ಹಾವಿನ ವಿಷವನ್ನೂ ಒಂದೇ ಹೆಸರಿನಡಿ ಇಟ್ಟು ಹೋಲಿಸಲು ಇನ್ನು ಸಾಧ್ಯವಿಲ್ಲ. ಗುಬ್ಬಿಯ ಹುಡುಗನಿಗೆ ಇನ್ನೊಂದು ಅನುಮಾನವಿತ್ತು: ತೋಟದ ಆ ಕಪ್ಪು ಹಾವು ಕಾಳಿಂಗವಾಗಿರಬಹುದೇ? ಇಲ್ಲ ಎಂದೆ. ಕಾಳಿಂಗ ಮಳೆಕಾಡಿನ ಹಾವು, ನಮ್ಮ ಬಯಲುಸೀಮೆಯದ್ದಲ್ಲ. ಅವನಿಗೆ ಕೊಂಚ ನಿರಾಸೆಯಾಯಿತು.